ಮೂವತ್ತು ನಲವತ್ತು

ಬೆಂಗಳೂರಿನಲ್ಲಿ ಮನುಷ್ಯನ ಏಳಿಗೆಯನ್ನು ಅಡಿಗಳಲ್ಲಿ ಅಳೆಯುವ ಪದ್ಧತಿ ಯಾವ ಕಾಲದ್ದೋ, ನಾನು ಈ ಊರಿಗೆ ಬಂದ 1988ರ ಹೊತ್ತಿಗೆ ಅದು ಚೆನ್ನಾಗಿ ಬೇರುಬಿಟ್ಟಿತ್ತು. ಮದುವೆಮನೆಯ ಪಂಕ್ತಿಯಲ್ಲಿ ಪಕ್ಕಕ್ಕೆ ಕೂತವರು ಊರು ಯಾವುದು, ಕೆಲಸ ಎಲ್ಲಿ ಎಂದು ಕೇಳಿ ಮುಗಿಸಿದ ಮೇಲೆ ಮೂರನೆಯ ಪ್ರಶ್ನೆಯಾಗಿ "ಸೈಟು ಮಾಡಿದ್ದೀರಾ?" ಎನ್ನುತ್ತಿದ್ದರು. ಗಮನಿಸಿ, ಇಲ್ಲಿ ಸೈಟನ್ನು ಯಾರೂ ಕೊಳ್ಳುವುದಿಲ್ಲ, ಮಾಡುತ್ತಾರೆ. ಪುಣ್ಯ ಮಾಡಿದ ಹಾಗೆ, ಸಾಲ ಮಾಡಿದ ಹಾಗೆ. ಇಪ್ಪತ್ತು-ಮೂವತ್ತು ಎಂದರೆ ಕೇಳಿದವರು "ಪರವಾಗಿಲ್ಲ ಬಿಡಿ" ಎಂದು ಸಮಾಧಾನ ಹೇಳುತ್ತಿದ್ದರು. ಮೂವತ್ತು-ನಲವತ್ತು ಎಂದರೆ ತಮ್ಮವನೇ ಎಂಬಂತೆ ತಲೆಯಾಡಿಸುತ್ತಿದ್ದರು. ನಲವತ್ತು-ಅರವತ್ತು ಎಂದವನ ಎಲೆಗೆ ಪಾಯಸದವನನ್ನು ತಾವೇ ಕರೆದು ಇನ್ನೊಂದು ಸೌಟು ಹಾಕಿಸುತ್ತಿದ್ದರು. ಐವತ್ತು-ಎಂಬತ್ತರವರು ನಮ್ಮ ಪಂಕ್ತಿಯಲ್ಲಿ ಕೂರುತ್ತಿರಲಿಲ್ಲ.

ಈ ಅಳತೆಗಳಿಗೂ ಒಂದು ಚರಿತ್ರೆಯಿದೆ. 1898ರ ಪ್ಲೇಗು ಪೇಟೆಯನ್ನು ಖಾಲಿ ಮಾಡಿಸಿದ ಮೇಲೆ ಬಸವನಗುಡಿ, ಮಲ್ಲೇಶ್ವರಗಳು ಗಾಳಿ ಬೆಳಕಿನ ಬಡಾವಣೆಗಳಾಗಿ ಎದ್ದವು. 1945ರಲ್ಲಿ ನಗರಾಭಿವೃದ್ಧಿಗೆಂದು ಒಂದು ಟ್ರಸ್ಟ್ ಬೋರ್ಡು ಬಂತು. 1976ರಲ್ಲಿ ಅದರ ಜಾಗದಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ, ಎಂದರೆ ನಮ್ಮ ಬಿ.ಡಿ.ಎ., ಬಂತು. ಗುಮಾಸ್ತರ ಜೀವಮಾನದ ಆಸೆಯೆಂದರೆ ಬಿ.ಡಿ.ಎ. ಸೈಟು. ನಾನೂ ಅರ್ಜಿ ಹಾಕಿದೆ. ಅಲ್ಲಿ ವಯಸ್ಸಿಗೆ ಬೆಲೆಯಿತ್ತು, ಹಿಂದೆ ಎಷ್ಟು ಸಲ ಅರ್ಜಿ ಹಾಕಿ ಸೋತಿದ್ದೀರಿ ಎಂಬುದಕ್ಕೂ ಬೆಲೆಯಿತ್ತು. ಸೋಲಿಗೆ ಅಂಕ ಕೊಡುವ ಇಂಥ ಪರೀಕ್ಷೆಯನ್ನು ನಾನು ಬೇರೆಲ್ಲೂ ಕಂಡಿಲ್ಲ. ನಮ್ಮ ಶಾಖೆಯ ಹಿರಿಯರೊಬ್ಬರು ನಾಲ್ಕನೆಯ ಸಲದ ನಿರಾಕರಣೆಯನ್ನು "ಇನ್ನೊಂದೇ ಒಂದು ಆದರೆ ಸಿಕ್ಕೇ ಸಿಗುತ್ತೆ" ಎಂದು ಹೆಮ್ಮೆಯಿಂದ ತೋರಿಸುತ್ತಿದ್ದರು. ನಾನೋ ಮೊದಲನೆಯ ಸೋಲಿನ ಅಭ್ಯರ್ಥಿ. ಲೆಕ್ಕ ಹಾಕಿದರೆ ನಿವೃತ್ತಿಯ ಹೊತ್ತಿಗೆ ಸಿಗಬಹುದು ಎಂದಾಯಿತು.

ನಾನು ತಿಪಟೂರು ಸೀಮೆಯವನು. ಬ್ಯಾಂಕಿನಲ್ಲಿ ಗುಮಾಸ್ತ. ಮನೆಯಲ್ಲಿ ಹೆಂಡತಿ, ಒಂದು ಮಗು, ಬಾಡಿಗೆಯ ಎರಡು ಕೋಣೆ. ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸು ಎಂದು ಮೊದಲೇ ಎಣಿಸಿಕೊಳ್ಳುವುದು ಈ ಊರಿನ ಕ್ರಮ. ಆ ಹಣಕ್ಕೆ ಬಡ್ಡಿಯಿಲ್ಲ. ಮನೆ ಬಿಡುವಾಗ ಸುಣ್ಣಬಣ್ಣದ ಲೆಕ್ಕದಲ್ಲಿ ಒಂದಿಷ್ಟು ಕರಗುತ್ತದೆ. ಎಂಟು ವರ್ಷಗಳಲ್ಲಿ ನಾಲ್ಕು ಮನೆ ಬದಲಿಸಿದೆವು. ನಾಲ್ಕನೆಯ ಮನೆಯ ಯಜಮಾನರು ಬೆಳಿಗ್ಗೆ ಆರಕ್ಕೆ ನೀರಿನ ವಾಲ್ವು ತಿರುಗಿಸಿ ಆರೂವರೆಗೆ ಮುಚ್ಚುತ್ತಿದ್ದರು. ಆ ಅರ್ಧ ಗಂಟೆಯಲ್ಲಿ ನನ್ನ ಹೆಂಡತಿ ಬಿಂದಿಗೆಗಳ ಜೊತೆ ನಡೆಸುತ್ತಿದ್ದ ಓಟ ನೋಡಿ, 1996ರ ಯುಗಾದಿ ಕಳೆದ ಮೇಲೆ ನಾನು ಭಾನುವಾರಗಳಂದು ಸೈಟು ನೋಡಲು ಹೊರಟೆ.

ಸೈಟು ನೋಡುವುದು ಹೆಣ್ಣು ನೋಡಿದ ಹಾಗೆಯೇ. ದಲ್ಲಾಳಿ ಹೇಳುವ ಒಂದೊಂದು ಮಾತಿಗೂ ಒಂದು ಒಳಾರ್ಥ ಇರುತ್ತದೆ. "ಬಸ್‌ಸ್ಟಾಪಿಗೆ ಐದು ನಿಮಿಷ" ಎಂದರೆ ಅವನ ಸ್ಕೂಟರಿನಲ್ಲಿ. "ಕಾವೇರಿ ನೀರು ಬರುತ್ತೆ" ಎಂದರೆ ಎಂದಾದರೂ ಬರುತ್ತದೆ. "ಪೇಪರೆಲ್ಲಾ ಕ್ಲಿಯರ್ ಸಾರ್" ಎಂದರೆ ಪೇಪರು ಇನ್ನೂ ಯಾರೂ ಓದಿಲ್ಲ. ದಕ್ಷಿಣ ಬಾಗಿಲಿನ ಸೈಟಾದರೆ ಬೆಲೆ ಇಳಿಯುತ್ತದೆ. ಈಶಾನ್ಯ ಒಂದಡಿ ಬೆಳೆದಿದ್ದರೆ ಏರುತ್ತದೆ. ನನ್ನ ಸ್ವಂತ ಅಭಿಪ್ರಾಯ ಕೇಳಿದರೆ ವಾಸ್ತು ನಂಬದವನಿಗೆ ಬೆಂಗಳೂರಿನಲ್ಲಿ ದಕ್ಷಿಣದ ಸೈಟಿನಂಥ ಲಾಭ ಇನ್ನೊಂದಿಲ್ಲ. ಮನೆಯಲ್ಲಿ ಅತ್ತೆಯವರು ಮಾತ್ರ ಇರಬಾರದು.

ಕೊನೆಗೆ ಒಂದು ಜಾಗ ಹಿಡಿಸಿತು. ಸುಂಕದಕಟ್ಟೆಯವರೆಗೆ ಬಸ್ಸು, ಅಲ್ಲಿಂದ ಮಾಗಡಿ ರಸ್ತೆ ಬಿಟ್ಟು ಒಳಕ್ಕೆ ನಡಿಗೆ. ರಾಗಿ ಕೊಯ್ದ ಕೂಳೆ ಇನ್ನೂ ಕಾಲಿಗೆ ಚುಚ್ಚುತ್ತಿತ್ತು. ಅದರ ನಡುವೆ ಸುಣ್ಣ ಬಳಿದ ಕಲ್ಲುಗಳು, ಕಲ್ಲಿನ ಮೇಲೆ ಕೆಂಪು ಬಣ್ಣದಲ್ಲಿ ನಂಬರು. ಮೂಲೆಯಲ್ಲಿ ಒಂದು ಹೊಂಗೆಮರ. ಹೊಲದ ಯಜಮಾನನೇ ಜಿಲ್ಲಾಧಿಕಾರಿಗಳಿಂದ ಭೂ ಪರಿವರ್ತನೆ ಮಾಡಿಸಿ, ಒಂದು ಎಕರೆಯನ್ನು ಸೈಟುಗಳಾಗಿ ಕತ್ತರಿಸಿದ್ದ. ಅಡಿಗೆ 130 ರೂಪಾಯಿ, 30×40ಕ್ಕೆ 1,56,000.

ನಾನು ಬ್ಯಾಂಕಿನವನು, ಲೆಕ್ಕ ನನ್ನ ಚಾಳಿ. ಒಂದು ಎಕರೆಗೆ 40 ಗುಂಟೆ, ಗುಂಟೆಗೆ 33 ಅಡಿ ಉದ್ದ 33 ಅಡಿ ಅಗಲ, ಎಂದರೆ 1,089 ಚದರಡಿ. ಒಟ್ಟು 43,560. ರಸ್ತೆ, ಚರಂಡಿ, ಉದ್ಯಾನವನ ಎಂದು ಸರಿಯಾಗಿ ಬಿಟ್ಟರೆ ಅರ್ಧ ಹೋಗುತ್ತದೆ. ಉಳಿದ ಅರ್ಧದಲ್ಲಿ 1,200 ಅಡಿಯ 18 ಸೈಟು. ಆದರೆ ಆ ಹೊಲದಲ್ಲಿ ನಾನು ಎಣಿಸಿದ ಕಲ್ಲುಗಳ ಪ್ರಕಾರ 26 ಸೈಟುಗಳಿದ್ದವು. ಉದ್ಯಾನವನ ಎಲ್ಲಿ ಎಂದು ಕೇಳಿದಾಗ ದಲ್ಲಾಳಿ ಸುತ್ತಲಿನ ಬಯಲನ್ನು ತೋರಿಸಿ "ಎಲ್ಲಾ ಉದ್ಯಾನವನವೇ ಅಲ್ವಾ ಸಾರ್" ಎಂದ. ಆಗ ಅದು ನಿಜವೂ ಆಗಿತ್ತು.

ನನ್ನ ಅದೃಷ್ಟಕ್ಕೆ ಪರಿಚಯದ ಒಬ್ಬ ವಕೀಲರಿದ್ದರು. ಗಾಂಧಿನಗರದ ಮಹಡಿಯ ಮೇಲೆ ಚಿಕ್ಕ ಕಚೇರಿ, ಮೇಜಿನ ಮೇಲೆ ಕಾಗದದ ಗುಡ್ಡ, ಗುಡ್ಡದ ಹಿಂದೆ ನಶ್ಯದ ಡಬ್ಬಿ. ಹಣ ಹಾಕುವವನು ನೋಡಬೇಕಾದ್ದು ಮಣ್ಣನ್ನಲ್ಲ, ಮಣ್ಣಿನ ಜಾತಕವನ್ನು ಎಂಬುದು ಅವರ ಪಾಠ. ಮೂಲಪತ್ರ ಯಾರ ಹೆಸರಿನಲ್ಲಿದೆ, ಪಹಣಿಯಲ್ಲಿ ಯಾರಿದ್ದಾರೆ, ಪರಿವರ್ತನೆಯ ಆದೇಶದ ಸರ್ವೆ ನಂಬರು ಮತ್ತು ಪಹಣಿಯ ಸರ್ವೆ ನಂಬರು ಒಂದೇ ಹೌದೇ, ಕಂದಾಯ ಎಲ್ಲಿಯವರೆಗೆ ಕಟ್ಟಿದೆ. ಇವೆಲ್ಲದರ ಮೇಲೆ ಋಣಭಾರ ಪತ್ರ. ಎಲ್ಲರೂ ಹದಿಮೂರು ವರ್ಷದ್ದು ತರಿಸಿದರೆ ಇವರು ಮೂವತ್ತು ವರ್ಷದ್ದು ತರಿಸಿದರು. ನಮೂನೆ 16 ಬಂದರೆ ಆ ಅವಧಿಯಲ್ಲಿ ಯಾವ ವ್ಯವಹಾರವೂ ನೋಂದಣಿಯಾಗಿಲ್ಲವೆಂದು ಅರ್ಥ. ನಮೂನೆ 15 ಬಂದರೆ ಅಡಮಾನ, ಮಾರಾಟ, ಪಾಲು ಎಲ್ಲವೂ ಸಾಲಾಗಿ ಬಂದು ನಿಲ್ಲುತ್ತವೆ. ಓದಲು ಬಂದರೆ ಅದರಷ್ಟು ಒಳ್ಳೆಯ ಕಾದಂಬರಿ ಇನ್ನೊಂದಿಲ್ಲ ಎಂದು ಅವರೇ ಹೇಳುತ್ತಿದ್ದರು.

ಎರಡು ವಾರ ಬಿಟ್ಟು ಹೋದಾಗ ಅವರು ಎರಡು ಹಾಳೆಗಳನ್ನು ಪಕ್ಕಪಕ್ಕ ಇಟ್ಟರು. ಒಂದು, ಹೊಲದ ಯಜಮಾನ 1993ರಲ್ಲಿ ದಲ್ಲಾಳಿಗೆ ಬರೆದುಕೊಟ್ಟ ಜನರಲ್ ಪವರ್ ಆಫ್ ಅಟಾರ್ನಿ; ಎಲ್ಲ ಸೈಟುಗಳೂ ಇದರ ಬಲದ ಮೇಲೆ ಮಾರಾಟವಾಗುತ್ತಿದ್ದವು. ಇನ್ನೊಂದು, 1995ರ ಪೌತಿ ಖಾತೆಯ ನಕಲು. ಯಜಮಾನ ತೀರಿಕೊಂಡು ಖಾತೆ ಇಬ್ಬರು ಗಂಡುಮಕ್ಕಳ ಹೆಸರಿಗೆ ಹೋಗಿತ್ತು. "ಬರೆದುಕೊಟ್ಟವನು ಸತ್ತ ದಿವಸ ಆ ಅಧಿಕಾರವೂ ಸತ್ತ ಹಾಗೆ. ಸತ್ತವನ ಪರವಾಗಿ ಇವನು ಯಾರಿಗೆ ಮಾರ್ತಾನಯ್ಯಾ?" ಎಂದು ನಶ್ಯ ಏರಿಸಿದರು. ಆಮೇಲೆ ವಂಶವೃಕ್ಷ ತರಿಸಿದರು. ಅದರಲ್ಲಿ ವಿಧವೆಯಾದ ತಾಯಿ, ಇಬ್ಬರು ಗಂಡುಮಕ್ಕಳು, ಮತ್ತು ಮಾಗಡಿ ಕಡೆಗೆ ಕೊಟ್ಟ ಒಬ್ಬಳು ಮಗಳು. ಎಲ್ಲ ಪತ್ರಗಳಲ್ಲಿಯೂ ಈಕೆಯೊಬ್ಬಳು ಇರಲಿಲ್ಲ.

1994ರಲ್ಲಿ ಕರ್ನಾಟಕ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ತಂದು ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಹಕ್ಕು ಎಂದಿತ್ತು. ಆದರೆ ಅದಕ್ಕೆ ಮೊದಲೇ ಮದುವೆಯಾದವರಿಗೆ ಅದು ತಾಗುತ್ತಿರಲಿಲ್ಲ. ಆ ಬೇಲಿಯನ್ನು ತೆಗೆದದ್ದು 2005ರ ಕೇಂದ್ರದ ತಿದ್ದುಪಡಿ. ಆದರೂ ವಕೀಲರು ಹೇಳಿದ್ದು ಬೇರೆ: ಹೊಸದೆಲ್ಲ ಬದಿಗಿರಲಿ, 1956ರ ಹಳೆಯ ಕಾಯ್ದೆಯಲ್ಲೇ ಸತ್ತ ತಂದೆಯ ಪಾಲಿಗೆ ಮಗಳೂ ವಾರಸುದಾರಳು. ಅವಳ ಸಹಿ ಬೇಕು.

ದಲ್ಲಾಳಿ ನಕ್ಕ. "ಹೆಣ್ಣುಮಕ್ಕಳ ಸಹಿ ಯಾರು ತಗೋತಾರೆ ಸಾರ್? ಹತ್ತು ಸೈಟು ರಿಜಿಸ್ಟ್ರಾಗಿವೆ, ಯಾರೂ ಕೇಳಿಲ್ಲ." ನಾನು ಸುಮ್ಮನಿದ್ದದ್ದನ್ನು ಚೌಕಾಸಿ ಎಂದುಕೊಂಡು ಹತ್ತು ಸಾವಿರ ಇಳಿಸಿದ. ಹತ್ತು ಸಾವಿರವೆಂದರೆ ಆಗ ನನಗೆ ಒಂದು ತಿಂಗಳ ಸಂಬಳಕ್ಕಿಂತ ಹೆಚ್ಚು. ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದಳು. ಕೈ ನಿಲ್ಲಿಸದೆ "ಆ ಹೆಂಗಸಿಗೆ ಅವರೇನು ಕೊಡ್ತಾರಂತೆ?" ಎಂದಳು. ಏನೂ ಇಲ್ಲ, ಕೇಳಿಯೇ ಇಲ್ಲವಂತೆ ಎಂದೆ.

ಅವಳ ತವರು ಹಾಸನದ ಕಡೆ. ಮೂರು ವರ್ಷದ ಹಿಂದೆ ಅಲ್ಲಿಂದ ಇಬ್ಬರು ಅಣ್ಣಂದಿರು ಬಾಳೆಹಣ್ಣು, ಹೂವು, ರವಿಕೆ ಕಣ ಹಿಡಿದು ಬಂದಿದ್ದರು. ಊಟವಾದ ಮೇಲೆ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಂಡು ಸಂಜೆಯ ಬಸ್ಸಿಗೆ ಹೋಗಿದ್ದರು. ಆಗ ಅವಳು ಒಂದು ಮಾತೂ ಆಡಿರಲಿಲ್ಲ. ಈಗ ಮೊರವನ್ನು ಪಕ್ಕಕ್ಕಿಟ್ಟು, "ನನಗಾದರೆ ಕರೆದು ಕೂರಿಸಿ ಸಹಿ ಹಾಕಿಸ್ಕೊಂಡ್ರು. ಇವಳಿಗೆ ಅಷ್ಟೂ ಇಲ್ಲ. ನನ್ನ ಬಳೆ ಅಡ ಇಟ್ಟು ಅಂಥ ಸೈಟು ತಗೋಬೇಡಿ ರೀ" ಎಂದಳು. ಬಳೆ ನಾಲ್ಕು, ಮದುವೆಯಲ್ಲಿ ತವರಿನವರು ಹಾಕಿದ್ದು ಅಷ್ಟೇ. ಸೈಟಿನ ಹಣದಲ್ಲಿ ಮೂರರಲ್ಲೊಂದು ಪಾಲು ಆ ಬಳೆಗಳಿಂದ ಬರಬೇಕಿತ್ತು. ಬೇರೆ ಸೈಟು ನೋಡೋಣವೆಂದರೆ ಆ ದುಡ್ಡಿಗೆ ಅಷ್ಟು ಹತ್ತಿರದಲ್ಲಿ ಬೇರೊಂದು ಇರಲಿಲ್ಲ, ಬೆಲೆಯೂ ನಿಂತಿರಲಿಲ್ಲ.

ಮರುಭಾನುವಾರ ಮಾಗಡಿಯ ಬಸ್ಸು ಹತ್ತಿದೆ. ಇಳಿದು ಎರಡು ಮೈಲಿ ನಡೆದು ಮನೆ ಹುಡುಕಿದೆ. ಆಕೆಗೆ ಮೂವತ್ತೈದರ ಆಸುಪಾಸು. ರೇಷ್ಮೆಹುಳುವಿನ ತಟ್ಟೆಗೆ ಸೊಪ್ಪು ಹಾಕುತ್ತಿದ್ದವಳು ಎದ್ದು ಬಂದು "ಕುಂತ್ಕಳಿ ಸ್ವಾಮಿ" ಎಂದು ಚಾಪೆ ಹಾಸಿ ಮಜ್ಜಿಗೆ ಕೊಟ್ಟಳು. ವಿಷಯ ಹೇಳಿದೆ. ಮಾರುತ್ತಿದ್ದಾರೆಂಬುದು ಅವಳಿಗೆ ಗೊತ್ತಿತ್ತು; ತನಗೆ ಅದರಲ್ಲಿ ಮಾತಿದೆ ಎಂಬುದು ಗೊತ್ತಿರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀವು ತಗೊಳ್ಳೋದು ಹೊಂಗೆಮರದ ಪಕ್ಕದ್ದಾ?" ಎಂದು ಕೇಳಿದಳು. ಅಲ್ಲ, ಅದರಿಂದ ಮೂರನೆಯದು ಎಂದೆ. "ಹಂಗಾದ್ರೆ ಮರದ ಪಕ್ಕದ್ದು ನಂಗಿರ್ಲಿ. ಅಷ್ಟು ಮಾಡಿಕೊಟ್ರೆ ನಿಮಗೂ ಹಾಕ್ತೀನಿ, ಮಿಕ್ಕಿದ್ದಕ್ಕೂ ಹಾಕ್ತೀನಿ" ಎಂದಳು. ದುಡ್ಡಿನ ಮಾತು ಎತ್ತಲಿಲ್ಲ. ವಕೀಲರ ಕಚೇರಿಗೆ ವರ್ಷಕ್ಕೆ ನೂರಾರು ಜನ ಬರುತ್ತಾರೆ. ಇಷ್ಟು ಚೊಕ್ಕವಾಗಿ ತನಗೇನು ಬೇಕೆಂದು ಹೇಳುವವರು ನಾಲ್ಕು ಜನ ಇರಲಿಕ್ಕಿಲ್ಲ.

ಅಣ್ಣಂದಿರು ಮೂರು ತಿಂಗಳು ಆಡಿಸಿದರು. ಒಬ್ಬ ನನ್ನ ಬ್ಯಾಂಕಿಗೇ ಬಂದು, ಮನೆ ಒಡೆಯುವವನು ಎಂದು ಕೌಂಟರಿನ ಮುಂದೆ ಕೂಗಾಡಿದ. ದಲ್ಲಾಳಿ ಬೇರೆ ಗಿರಾಕಿ ಇದ್ದಾನೆಂದು ಹೆದರಿಸಿದ. ಆದರೆ ಸುದ್ದಿ ಹಬ್ಬಿತ್ತು, ಉಳಿದ ಸೈಟುಗಳನ್ನು ನೋಡಲು ಬಂದವರೂ "ಮಗಳ ಸಹಿ ಇದೆಯಾ?" ಎಂದು ಕೇಳತೊಡಗಿದ್ದರು. ಕೊನೆಗೆ ಹೊಂಗೆಮರದ ಪಕ್ಕದ, ವಕ್ರವಾಗಿ ಉಳಿದಿದ್ದ 20×30ರ ಒಂದು ತುಂಡು ಅವಳ ಹೆಸರಿಗೆ ಆಯಿತು. ಅವಳ ಪಾಲಿಗೆ ಅದು ಕಡಿಮೆಯೇ ಎಂದು ವಕೀಲರು ಹೇಳಿದರು. ಅವಳು ಸಾಕೆಂದಳು.

ನೋಂದಣಿಯ ದಿನ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ನಿಂತೆವು. ಛಾಪಾ ಕಾಗದದ ಕಾಲ ಅದು. ಪತ್ರ ಬರಹಗಾರರ ಟೈಪ್‌ರೈಟರುಗಳ ಸದ್ದು ಹೊರಗಿನ ಬೇವಿನ ಮರದ ಕೆಳಗಿನಿಂದಲೇ ಕೇಳುತ್ತಿತ್ತು. ಅಣ್ಣಂದಿರು ಸಹಿ ಹಾಕಿದರು. ತಾಯಿಯ ಎಡಗೈ ಹೆಬ್ಬೆಟ್ಟನ್ನು ಕರಿಯ ಶಾಯಿಗೆ ಒತ್ತಿ ಕಾಗದಕ್ಕೆ ಒತ್ತಿದರೆ ಬರೀ ಕಪ್ಪು ಮಚ್ಚೆ ಬಂತು, ಗೆರೆಗಳೇ ಇಲ್ಲ. ಗುಮಾಸ್ತ ಒರೆಸಿ ಮತ್ತೆ ಒತ್ತಿಸಿದ. ಮತ್ತೆ ಮಚ್ಚೆ. "ಏನಜ್ಜಿ, ಗೆರೆಯೆಲ್ಲಾ ಎಲ್ಲೋಯ್ತು?" ಎಂದ. ಮುದುಕಿ "ಕಳೆ ಕಿತ್ತೂ ಕಿತ್ತೂ ಅದೇ ಮಣ್ಣಿಗೆ ಹೋಯ್ತು ಕಣಪ್ಪ" ಎಂದಳು. ಮೂರನೆಯ ಸಲಕ್ಕೆ ಒಂದಿಷ್ಟು ಮೂಡಿತು. ಮಗಳು ನಾಲ್ಕನೆಯ ಕ್ಲಾಸು ಓದಿದವಳು. ಒಂದೊಂದೇ ಅಕ್ಷರವನ್ನು ಕೂಡಿಸಿ ತನ್ನ ಹೆಸರು ಬರೆದು, ತಲೆಕಟ್ಟು ಸರಿಯಾಗಿದೆಯೇ ಎಂದು ಇನ್ನೊಮ್ಮೆ ನೋಡಿ, ಪೆನ್ನನ್ನು ಕ್ಯಾಪು ಹಾಕಿ ನನಗೆ ವಾಪಸು ಕೊಟ್ಟಳು.

ಮುಂದಿನದನ್ನು ಬೇಗ ಹೇಳಿಬಿಡಬಹುದು. ಬ್ಯಾಂಕಿನ ನೌಕರರ ಗೃಹಸಾಲದಲ್ಲಿ 1999ರಲ್ಲಿ ಕೆಳಗೆ ಎಂಟು ಚದರ ಕಟ್ಟಿದೆ; ಬೆಂಗಳೂರಿನ ಮೇಸ್ತ್ರಿಗಳ ಚದರವೆಂದರೆ ನೂರು ಚದರಡಿ. ಬಳೆ ಬಿಡಿಸಿಕೊಂಡದ್ದು 2001ರಲ್ಲಿ. 2003ರಲ್ಲಿ ಮಹಡಿ ಏರಿಸಿ ಬಾಡಿಗೆಗೆ ಕೊಟ್ಟೆ. ಹೀಗೆ ಬಾಡಿಗೆದಾರ ಮನೆಯ ಯಜಮಾನನಾದ. ವಾಲ್ವು ಮಾತ್ರ ಇಡಿಸಲಿಲ್ಲ, ಹೆಂಡತಿ ಬಿಡಲಿಲ್ಲ. ಭೋಗ್ಯಕ್ಕೆ ಕೊಡಿ, ಒಂದೇ ಗಂಟು ಬರುತ್ತದೆ, ತಿಂಗಳ ತಾಪತ್ರಯವಿಲ್ಲ ಎಂದು ಹೇಳಿದವರಿದ್ದರು. ಗಂಟು ಇಸಿದುಕೊಳ್ಳುವುದು ಸುಲಭ. ಮೂರು ವರ್ಷ ಬಿಟ್ಟು ಅಷ್ಟನ್ನೂ ಹಿಂದಕ್ಕೆ ಎಣಿಸಬೇಕಲ್ಲ. ಕರಾರು ಹನ್ನೊಂದು ತಿಂಗಳಿಗೆ. ಹನ್ನೊಂದೇ ಯಾಕೆ ಎಂದು ಒಬ್ಬ ಬಾಡಿಗೆದಾರರು ಕೇಳಿದ್ದರು: ವರ್ಷಕ್ಕೆ ಮೇಲ್ಪಟ್ಟ ಗುತ್ತಿಗೆಯನ್ನು 1908ರ ನೋಂದಣಿ ಕಾಯ್ದೆಯಂತೆ ನೋಂದಾಯಿಸಲೇಬೇಕು, ಆ ಖರ್ಚು ಉಳಿಸಲು ಇಡೀ ಊರೇ ವರ್ಷಕ್ಕೆ ಒಂದು ತಿಂಗಳು ಕಡಿಮೆ ಮಾಡಿಕೊಂಡು ಬದುಕುತ್ತಿದೆ.

2007ರಲ್ಲಿ ಸುತ್ತಲಿನ ನಗರಸಭೆಗಳನ್ನೂ 110 ಹಳ್ಳಿಗಳನ್ನೂ ಸೇರಿಸಿ ಬೃಹತ್ ಮಹಾನಗರ ಪಾಲಿಕೆ ಮಾಡಿದಾಗ ನಮ್ಮ ರಾಗಿಹೊಲ ಒಂದೇ ರಾತ್ರಿಯಲ್ಲಿ ಮಹಾನಗರವಾಯಿತು. ಸುಧಾರಣಾ ಶುಲ್ಕ ಕಟ್ಟಿ ಎ ಖಾತೆ ಮಾಡಿಸಿಕೊಂಡೆ. ಸತ್ತವನ ಅಧಿಕಾರ ಪತ್ರದ ಮೇಲೆ ಕೊಂಡಿದ್ದ ಹತ್ತು ಮನೆಯವರು ಬ್ಯಾಂಕಿನ ಸಾಲಕ್ಕೆ ಹೋದಾಗ ವಕೀಲರ ಅಭಿಪ್ರಾಯದಲ್ಲಿ ಸಿಕ್ಕಿಬಿದ್ದರು. ಅವರಲ್ಲಿ ಹೆಚ್ಚಿನವರು ಸ್ಥಿರೀಕರಣ ಪತ್ರಕ್ಕಾಗಿ ಮಾಗಡಿಯ ಬಸ್ಸು ಹತ್ತಿದರು. ಆಕೆ ಒಬ್ಬೊಬ್ಬರಿಗೂ ಒಂದು ಬೆಲೆ ಹೇಳಿದಳಂತೆ. ಅನ್ಯಾಯ ಎಂದು ನನ್ನ ಬಳಿ ಗೊಣಗಿದವರಿದ್ದಾರೆ. ನನಗೆ ಹಾಗೆ ಅನ್ನಿಸಲಿಲ್ಲ.

ಈಗ ನನ್ನ ತಂಗಿಯ ಮಗಳು ಬಂದಿದ್ದಾಳೆ. ಸಾಫ್ಟ್‌ವೇರಿನವಳು, ಇಪ್ಪತ್ತೊಂಬತ್ತು ವಯಸ್ಸು. ವಾಸಕ್ಕಲ್ಲ, ಬಾಡಿಗೆಗೆ ಕೊಡಲು ಒಂದು ಫ್ಲ್ಯಾಟು ಕೊಳ್ಳಬೇಕಂತೆ. "ಎಲ್ಲಿಂದ ಶುರುಮಾಡಲಿ ಮಾವ?" ಎಂದಳು. ಮೊದಲು ಲೆಕ್ಕದಿಂದ ಎಂದೆ. ಅವಳು ನೋಡಿದ ಫ್ಲ್ಯಾಟು 80 ಲಕ್ಷ. ಅಂಥದಕ್ಕೆ ಅದೇ ಕಟ್ಟಡದಲ್ಲಿ ಬಾಡಿಗೆ 22,000. ವರ್ಷಕ್ಕೆ 2,64,000, ಎಂದರೆ ನೂರಕ್ಕೆ ಮೂರು ರೂಪಾಯಿ ಮೂವತ್ತು ಪೈಸೆ. ಅದರಲ್ಲಿ ನಿರ್ವಹಣೆ, ಆಸ್ತಿ ತೆರಿಗೆ, ಖಾಲಿ ಬಿದ್ದ ಒಂದು ತಿಂಗಳು, ದಲ್ಲಾಳಿಯ ಒಂದು ತಿಂಗಳು ಕಳೆ. ಸಾಲದ ಬಡ್ಡಿ ಇದರ ಎರಡರಷ್ಟಕ್ಕಿಂತ ಮೇಲೆ. "ಬೆಲೆ ಏರುತ್ತಲ್ಲ" ಎಂದಳು. ಏರುವುದು ನೆಲದ ಬೆಲೆ, ಕಟ್ಟಡ ವರ್ಷವರ್ಷ ಹಳೆಯದಾಗುತ್ತದೆ. ಆದ್ದರಿಂದ ಅವಿಭಾಜ್ಯ ಪಾಲಿನಲ್ಲಿ ನಿನಗೆ ಎಷ್ಟು ಅಡಿ ನೆಲ ಬರೆದಿದ್ದಾರೆ ನೋಡು ಎಂದೆ. ನೋಡಿದಳು, ಮುಖ ಚಿಕ್ಕದಾಯಿತು. ಕಾಲ ಕೆಟ್ಟಿತೆಂದು ಹೇಳಲಾರೆ. 2016ರ ರೇರಾ ಕಾಯ್ದೆ ಬಂದ ಮೇಲೆ ಮೆಟ್ಟಿಲು, ಲಿಫ್ಟುಗಳನ್ನೆಲ್ಲ ಸೇರಿಸಿ ಅಡಿ ಎಣಿಸುವ ಆಟಕ್ಕೆ ಕಡಿವಾಣ ಬಿದ್ದು ಗೋಡೆಯೊಳಗಿನ ಕಾರ್ಪೆಟ್ ಅಳತೆಯನ್ನೇ ಹೇಳಬೇಕಾಗಿದೆ. ಆಗ ನಮಗೆ ಅಷ್ಟೂ ಇರಲಿಲ್ಲ.

ಅವಳು ಇನ್ನೂ ಕೇಳುತ್ತಲೇ ಇದ್ದಳು. ನಾನು ಅವಳನ್ನು ಹೊಂಗೆಮರದ ಮನೆಗೆ ಕರೆದುಕೊಂಡು ಹೋದೆ.

ಮಾಗಡಿಯಾಕೆ ಈಗ ನಮ್ಮ ಬೀದಿಯವಳೇ. ರೇಷ್ಮೆಯ ದುಡ್ಡು, ಆ ಹತ್ತು ಮನೆಯವರ ದುಡ್ಡು ಸೇರಿಸಿ 20×30ರಲ್ಲಿ ಕೆಳಗೊಂದು ಕಟ್ಟಿ, ಐದಾರು ವರ್ಷಕ್ಕೊಂದು ಮಹಡಿಯಂತೆ ಮೇಲೇರಿದಳು. ನಾಲ್ಕು ಮನೆ. ಮೂರು ಬಾಡಿಗೆಗೆ, ಕೆಳಗಿನದರಲ್ಲಿ ತಾನು. ಅವಳ 600 ಅಡಿ ನೆಲ ನನ್ನ 1,200ಕ್ಕಿಂತ ಹೆಚ್ಚು ಬಾಡಿಗೆ ತರುತ್ತದೆ. ಬ್ಯಾಂಕಿನಲ್ಲಿ ಮೂವತ್ತು ವರ್ಷ ಲೆಕ್ಕ ಬರೆದವನಿಗೆ ಇದು ಒಂದಿಷ್ಟು ಚುಚ್ಚುತ್ತದೆ. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ, ಟ್ಯಾಂಕರಿಗೆ ಇಡೀ ಬೀದಿ ಕೊಡ ಹಿಡಿದು ಕಾಯುತ್ತಿದ್ದಾಗ ನನ್ನ ಮಹಡಿಯವರು ಖಾಲಿ ಮಾಡಿದರು. ಅವಳ ಮನೆಯವರು ಯಾರೂ ಕದಲಲಿಲ್ಲ. ಕಟ್ಟುವಾಗಲೇ ಅವಳು ನೆಲದ ಕೆಳಗೆ ದೊಡ್ಡ ಸಂಪು ತೆಗೆಸಿ ಮಹಡಿಯ ಮಳೆನೀರನ್ನೂ ಅದಕ್ಕೇ ಇಳಿಸಿದ್ದಳು.

ನಾವು ಹೋದಾಗ ಮರದ ಕೆಳಗೆ ಹೊಂಗೆಬೀಜ ಆರಿಸುತ್ತಿದ್ದಳು. ಹುಡುಗಿಯನ್ನು ಮೇಲೆ ಕೆಳಗೆ ನೋಡಿ, ಎಲ್ಲಿ, ಎಷ್ಟಕ್ಕೆ ಎಂದು ವಿಚಾರಿಸಿದಳು. ಹುಡುಗಿ ಫೋನಿನಲ್ಲಿ ಕಟ್ಟಡದ ಚಿತ್ರಗಳನ್ನು ತೋರಿಸಿದಳು: ಈಜುಕೊಳ, ಹುಲ್ಲುಹಾಸು, ನಗುವ ಜನ. ಆಕೆ ಫೋನನ್ನು ದೂರ ಹಿಡಿದು ಒಂದೊಂದನ್ನೂ ನೋಡಿದಳು.

"ಚೆನ್ನಾಗೈತೆ ಕಣವ್ವ. ಏಪ್ರಿಲ್ ತಿಂಗಳಾಗೆ ಒಂದು ದಿನ ಹೋಗು, ಮಧ್ಯಾಹ್ನ ಮೂರು ಗಂಟೆಗೆ. ಅಡುಗೆಮನೆ ನಲ್ಲಿ ತಿರುಗಿಸಿ ನೋಡು. ಆಮೇಲೆ ವಾಚ್‌ಮನ್ನ ಕೇಳು, ಟ್ಯಾಂಕರು ದಿನಕ್ಕೆ ಎಷ್ಟು ಬತ್ತವೆ ಅಂತ. ಆಫೀಸಿನೋರನ್ನ ಕೇಳಬ್ಯಾಡ."

ಹುಡುಗಿ ಅದನ್ನು ಫೋನಿನಲ್ಲಿ ಬರೆದುಕೊಂಡಳು. ಆಕೆ ಬೀಜವನ್ನು ಮಡಿಲಿಗೆ ತುಂಬಿಕೊಳ್ಳುತ್ತಾ ಮತ್ತೆ ಕೇಳಿದಳು: "ಆ ಜಮೀನು ಮೊದ್ಲು ಯಾರ್ದಿತ್ತು? ಅವ್ರಿಗೆ ಹೆಣ್ಮಕ್ಕಳೆಷ್ಟು?"